ಅಮಾತೆಪ್ಪನವರ ಮುದ್ರೆ

ಸುರಪುರದ ಕಚೇರಿಯೊಂದರಲ್ಲಿ ಅಮಾತೆಪ್ಪನವರು ಮೂವತ್ತೊಂದು ವರ್ಷ ಆವಕ-ಜಾವಕ ಗುಮಾಸ್ತರಾಗಿದ್ದರು. ಬಂದ ಕಾಗದಕ್ಕೊಂದು ಮುದ್ರೆ, ಹೋಗುವ ಕಾಗದಕ್ಕೊಂದು ಮುದ್ರೆ. ಮಗಳ ಮದುವೆ ಕಾರ್ಡಿಗೂ ಒತ್ತಿದ್ದರೆಂದು ಹೆಂಡತಿ ಅಮೃತಮ್ಮ ಹೇಳುತ್ತಾರೆ.

ನಿವೃತ್ತರಾದ ಮೇಲೆ ಅತಿಥಿ ಶಿಕ್ಷಕರಿಗಾಗಿ ಮೇಲಿಂಗ್ ಲಿಸ್ಟ್ ಶುರುಮಾಡಿದರು. ಯಾವ ಶಾಲೆ ಆ ಲಿಸ್ಟಿಗೆ ಖಾಲಿ ಹುದ್ದೆಯ ಇಮೇಲ್ ಕಳಿಸಿದರೂ ನಾನೂರು ಜನರಿಗೆ ತಲುಪುತ್ತಿತ್ತು. ಮೇಲೆ ಶಾಲೆಯ ವಿಳಾಸ, ಕೆಳಗೆ ತಪ್ಪದೆ ಒಂದು ಸಾಲು: 'ಅಮಾತೆಪ್ಪ, ಸುರಪುರ, ಇವರ ಮುಖಾಂತರ'.

ಆಮೇಲೆ ಕೆಲವು ಇಮೇಲ್ ಕಂಪನಿಗಳು ಬಿಗಿಯಾದವು. ಈಗ ಕಳಿಸುವವರ ಸರ್ವರ್ ಪ್ರತಿ ಪತ್ರಕ್ಕೂ ಗುಪ್ತ ಸಹಿ ಹಾಕುತ್ತದೆ. ದಾರಿಯಲ್ಲಿ ಯಾರಾದರೂ ಒಂದಕ್ಷರ ಸೇರಿಸಿದರೂ ಸಹಿ ಕೆಡುತ್ತದೆ, ಕೆಟ್ಟ ಸಹಿಯನ್ನು ಕಂಪನಿ ಸಹಿಸುವುದಿಲ್ಲ, ಪತ್ರ ವಾಪಸ್. ಐದು ಸಲ ವಾಪಸ್ ಬಂದರೆ ಲಿಸ್ಟು ಹೆಸರು ಹೊಡೆದುಹಾಕುತ್ತದೆ. ಸಾಲು ಸೇರಿಸಿದವರದ್ದಲ್ಲ, ಪತ್ರ ಸಿಗದವರದ್ದು.

ಶಹಾಪುರದ ಕಂಪ್ಯೂಟರ್ ಅಂಗಡಿಯ ಶಾಂತಕುಮಾರ ಮೊದಲೇ ಹೇಳಿದ್ದ.

"ಕಾಕಾ, ನಿಮ್ಮ ಸಾಲು ತೆಗೀರಿ, ಕಾಗದ ಬಂದಂಗೇ ಹೋಗ್ಲಿ. ಇಲ್ಲಾಂದ್ರ ಕಳಿಸಿದವರ ಜಾಗಾದಾಗ ಲಿಸ್ಟಿನ ವಿಳಾಸ ಹಾಕ್ರಿ. ಉತ್ತರ ಅವರಿಗೇ ಹೋಗೂವಂಗ ಮಾಡ್ತೀನಿ."

"ಮಂದಿ ಕಾಗದಕ್ಕ ನಮ್ಮ ವಿಳಾಸಾನಾ? ಅದು ಫೋರ್ಜರಿ ಆಗ್ತದಲೇ."

"ಹಂಗಾರ ಮುದ್ರಿ ಬಿಡ್ರಿ."

"ಮುದ್ರಿ ಇಲ್ಲದ್ದಕ್ಕ ಕಾಗದ ಅನ್ನಂಗಿಲ್ಲ, ಚೀಟಿ ಅಂತಾರ."

ಗೋಗಿಯ ರೇವತಿ ತನ್ನೂರಿನ ಶಾಲೆಯ ಗಣಿತದ ಹುದ್ದೆಗೆ ಎರಡು ವರ್ಷದಿಂದ ಕಾಯುತ್ತಿದ್ದಳು. ಜೂನ್‌ನಲ್ಲಿ ಶಾಲೆಯ ಪತ್ರ ಲಿಸ್ಟಿಗೆ ಬಂತು: ಸೋಮವಾರ ದಾಖಲೆ ತನ್ನಿ, ಹೆಚ್ಚು ಅಂಕದವರಿಗೆ ಕೆಲಸ. ಅವಳ ಪಾಲಿಗೆ ಅದು ಐದನೇ ವಾಪಸಾತಿ. ಊರವಳೇ ಆಗಿದ್ದರೂ ಅವಳಿಗೆ ಸುದ್ದಿ ತಿಳಿದದ್ದು ಬುಧವಾರ. ಗುರುವಾರ ಸುರಪುರಕ್ಕೆ ಬಂದಳು.

"ಕಾಕಾ, ನನ್ನ ಹೆಸರು ಯಾಕ ತೆಗದ್ರಿ?"

"ನಾ ತೆಗದಿಲ್ಲವ್ವಾ, ಮಷೀನ್ ತೆಗದದ. ನಿನ್ನ ಇಮೇಲ್ ಪೆಟಗಿ ಕಾಗದ ತಗೊಳ್ಳಂಗಿಲ್ಲಂದ್ರ ನಾ ಏನ್ ಮಾಡ್ಲಿ?"

"ಬಂದವರೆಲ್ಲರಕಿಂತ ನನ್ನ ಮಾರ್ಕ್ಸೇ ಜಾಸ್ತಿ ಇದ್ವುರಿ."

ಅಮಾತೆಪ್ಪನವರು ವಾಪಸ್ ಬಂದ ಪತ್ರಗಳನ್ನು ಮೊದಲ ಸಲ ತೆರೆದು ನೋಡಿದರು. ನಲವತ್ಮೂರು ಜನರ ಹೆಸರು ಹೋಗಿತ್ತು. ಪ್ರತಿ ಪತ್ರದ ಕೆಳಗೂ ಅವರ ಸಾಲು ಸುರಕ್ಷಿತವಾಗಿತ್ತು. ಶಾಂತಕುಮಾರನಿಗೆ ಫೋನ್ ಮಾಡಿ ಸಾಲು ತೆಗೆಸಿದರು, ರೇವತಿಯ ಹೆಸರು ಮತ್ತೆ ಸೇರಿಸಿದರು. ಎಲ್ಲ ಸೇರಿ ನಾಲ್ಕು ನಿಮಿಷ.

ಅವಳು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಗೋಗಿ ಶಾಲೆಯ ಹೊಸ ಪತ್ರ ಲಿಸ್ಟಿಗೆ ಬಂದು, ಬಂದ ಹಾಗೆಯೇ ಹೊರಟಿತು: ಹುದ್ದೆ ಭರ್ತಿಯಾಗಿದೆ, ಯಾರೂ ವಿಚಾರಿಸಬಾರದು.

ಅಮಾತೆಪ್ಪನವರು ಓದುವ ಗೋಜಿಗೆ ಹೋಗದೆ ಫೋನ್ ಹಚ್ಚಿದರು. "ಈಗರ ಮುಟ್ಟ್ಯಾದೇನವ್ವಾ?"

"ಮುಟ್ಟ್ಯಾದ್ರಿ ಕಾಕಾ," ಎಂದಳು ರೇವತಿ. "ಒಂದಕ್ಷರಾನೂ ಕೆಟ್ಟಿಲ್ರಿ."