ತಂಗಿಯ ಮುಖ ತುಂಬಿಕೊಂಡ ದಿನಗಳು

ಮದುವೆ ಗೊತ್ತಾದ ಮೇಲೆ ನನ್ನ ತಂಗಿಯ ಮುಖ ತುಂಬಿಕೊಂಡಿತು. ಚಿಕ್ಕಂದಿನಿಂದ ಕಡ್ಡಿಯಂತಿದ್ದವಳು. ಮಲ್ಲೇಶ್ವರದ ನಮ್ಮ ಕ್ರಾಸಿನಲ್ಲಿ ಎದುರಾದವರೆಲ್ಲ ಮದುವೆ ಕಳೆ ಬಂದಿದೆ ಎಂದರು. ಅಮ್ಮ ಶುಕ್ರವಾರ ಬಂದರೆ ದೃಷ್ಟಿ ತೆಗೆಯುತ್ತಿದ್ದಳು. ನಮ್ಮ ಮನೆಯಲ್ಲಿ ಹೊಗಳಿಕೆಗೆ ಮದ್ದಿದೆ, ಉಳಿದದ್ದಕ್ಕೆ ಇಲ್ಲ.

ಬೆಳಿಗ್ಗೆ ಅವಳ ಕಣ್ಣಿನ ರೆಪ್ಪೆ ಊದಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿತ್ತು. ಬಗ್ಗಿದರೆ ತಲೆ ಸಿಡಿಯುತ್ತದೆ ಎಂದು ರಂಗೋಲಿ ಹಾಕುವ ಕೆಲಸ ನನಗೆ ಬಿಟ್ಟಳು. ಸೋಮಾರಿ ಎಂದು ರೇಗಿದೆ. ಹೊಸ ರವಿಕೆಗಳ ಕುತ್ತಿಗೆ ಬಿಗಿಯಾಯಿತು. ಟೈಲರ್ ನಗುತ್ತಲೇ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟ. ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡತೊಡಗಿದಾಗ, ಹುಡುಗನ ಫೋನಿಗೆ ಕಾಯುತ್ತಿದ್ದಾಳೆ ಎಂದು ಸೋದರತ್ತೆ ಛೇಡಿಸಿದರು. ಅವಳೂ ನಕ್ಕಳು. ಮಲಗಿದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತದೆ ಎಂದು ನನಗೊಬ್ಬಳಿಗೇ ಹೇಳಿದ್ದಳು. ಮದುವೆಯ ಗಾಬರಿ ಅಂದುಕೊಂಡೆ.

ಲಗ್ನಪತ್ರಿಕೆ ಆರಿಸಲು ಇಬ್ಬರೂ ಸುಲ್ತಾನ್‌ಪೇಟೆಗೆ ಹೋದೆವು. ಕೆಳಗಿನ ಸಾಲಿನ ಕಾರ್ಡು ನೋಡಲು ಬಗ್ಗಿದವಳು ಎದ್ದಾಗ ಮುಖ ನೇರಳೆಯಾಗಿತ್ತು. ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬಿದ್ದವು. ಅಂಗಡಿಯವರು ಫ್ಯಾನ್ ಜೋರು ಮಾಡಿ ನೀರು ತಂದರು. ಒಂದು ಗುಟುಕೂ ಇಳಿಯಲಿಲ್ಲ. ಆಟೋ ಹತ್ತಿಸಿ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಎದೆಯೊಳಗೆ, ಹೃದಯದ ಮಗ್ಗುಲಲ್ಲೇ ಗಡ್ಡೆ ಬೆಳೆದಿದೆ ಎಂದರು ಡಾಕ್ಟರು. ತಲೆಯಿಂದ ರಕ್ತ ಇಳಿಯುವ ದೊಡ್ಡ ನಾಳವನ್ನು ಅದು ಒತ್ತಿ ಹಿಡಿದಿತ್ತು. ಮುಖದ ಊತ ಅದರದ್ದೇ. ಸಾಲದ್ದಕ್ಕೆ ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿ, ಅದಕ್ಕೆ ಬಡಿದುಕೊಳ್ಳಲೂ ಜಾಗವಿರಲಿಲ್ಲ. ಅಷ್ಟರಲ್ಲಿ ಓಡಿಬಂದಿದ್ದ ಅಮ್ಮ ಎಲ್ಲ ಕೇಳಿಸಿಕೊಂಡು, "ನಾವು ಕಳೆ ಅಂದ್ಕೊಂಡಿದ್ವಲ್ಲ ಡಾಕ್ಟ್ರೇ," ಅಂದಳು.

ಸೂಜಿ ಹಾಕಿ ನೀರು ತೆಗೆದರು. ಗಡ್ಡೆ ಕರಗಿಸುವ ಔಷಧಿ ಶುರುವಾಯಿತು. ನೀರು ಮತ್ತೆ ತುಂಬಬಹುದು, ಮುಖ ಊದಿದರೆ, ಕುತ್ತಿಗೆಯ ನರ ಉಬ್ಬಿದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಹೇಳಿ ಮನೆಗೆ ಕಳಿಸಿದರು. ಮದುವೆ ಮುಂದಕ್ಕೆ ಹೋಯಿತು. ಗಂಡಿನ ಕಡೆಯವರ ಫೋನ್ ಕಡಿಮೆಯಾಗಿದೆ. ಅದರ ಚಿಂತೆ ಈಗ ನಮಗ್ಯಾರಿಗೂ ಇಲ್ಲ. ಅವಳು ಉಳಿದರೆ ಸಾಕು.

ಈಗ ನಾನು ಅವಳ ಪಕ್ಕದಲ್ಲೇ ಮಲಗುತ್ತೇನೆ. ಬೆಳಗಾಗುವುದೆಂದರೆ ನನಗೆ ಭಯ. ಇವತ್ತು ಬೆಳಿಗ್ಗೆ ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಗಲೇ ಕೇಳಿದಳು, "ಅಕ್ಕಾ, ನನ್ ಮುಖ ಊದಿದ್ಯಾ?"

"ಇಲ್ವೇ, ಸರಿಯಾಗೇ ಇದೆ," ಅಂದೆ.

"ನೀನಿನ್ನೂ ಈ ಕಡೆ ತಿರುಗೇ ಇಲ್ಲ," ಅಂದಳು.