ಬೇವಿನ ಎಲೆ ಹಾಕಿದ ನಿಘಂಟು

ನನಗೇ ಅರ್ಥವಾಗದ ಶಬ್ದಗಳಿಗೆ ನಾನು ಅರ್ಥ ಬರೆದಿದ್ದೇನೆ. ಮೂವತ್ತು ವರ್ಷ ಕನ್ನಡ ಮಾಸ್ತರಿಕೆ ಮಾಡಿದವನಿಗೆ ಇದೇನೂ ಹೊಸ ಅಪರಾಧವಲ್ಲ ಬಿಡಿ. ಯಲಬುರ್ಗಾದ ನಾವು ನಾಲ್ವರು ನಿವೃತ್ತರು ಸೇರಿ, ಹಳ್ಳಿಯ ಗ್ರಂಥಾಲಯಗಳಿಗೆಂದು ಕಂಪ್ಯೂಟರ್ ಶಬ್ದಗಳ ಪುಟ್ಟ ನಿಘಂಟು ಮಾಡುವುದೆಂದು ನಿಶ್ಚಯಿಸಿದಾಗ ಸಾಫ್ಟ್‌ವೇರಿನ ಭಾಗ ನನ್ನ ಕೊರಳಿಗೆ ಬಿತ್ತು. ಕಾರಣ ಇಷ್ಟೇ: ಮನೆಯಲ್ಲಿ ಕಂಪ್ಯೂಟರ್ ಇದ್ದವನು ನಾನೊಬ್ಬನೇ.

ಬರೆಯಲು ಕೂತರೆ ನನ್ನೊಳಗಿನ ಪಂಡಿತ ರುಮಾಲು ಸುತ್ತಿಕೊಂಡು ಎದ್ದು ಬರುತ್ತಾನೆ. 'ತಂತ್ರಾಂಶ: ಗಣಕಯಂತ್ರದ ಕಾರ್ಯನಿರ್ವಹಣೆಗೆ ಅಗತ್ಯವಾದ ಕ್ರಮಬದ್ಧ ನಿರ್ದೇಶನಗಳ ಸಮುಚ್ಚಯ' ಎಂದು ಬರೆದು ಮೀಸೆ ತಿರುವಿದೆ. ನಿಜಾಮನ ಕಾಲದಲ್ಲಿ ಅರ್ಜಿ, ರಸೀದಿ, ದವಾಖಾನೆಗಳು ಯಾವ ನಿಘಂಟಿನ ಅಪ್ಪಣೆಯನ್ನೂ ಕೇಳದೆ ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ರೊಟ್ಟಿ ತಿಂದು ನಮ್ಮವೇ ಆಗಿಹೋದವು. 'ಸರ್ವರ್' ಕೂಡ ಹಾಗೆಯೇ ಬಂದಿದೆ. ಅದು ರಜೆ ಚೀಟಿ ಕೊಡದೆ ರಜೆ ಹೋಗುವ, ಸಾಹೇಬರಿಗೂ ಮೇಲಿನ ಸಾಹೇಬ ಎಂಬುದು ಕಚೇರಿಯ ಕಟ್ಟೆಯ ಮೇಲೆ ಕಾದು ಕೂತ ಯಾರಿಗಾದರೂ ಗೊತ್ತು. ನಿಘಂಟಿಗೆ ಮಾತ್ರ ಗೊತ್ತಿಲ್ಲ.

ಆ ಹೊತ್ತಿಗೆ ಹುಲಿಹೈದರದಿಂದ ನನ್ನಕ್ಕ ನೀಲವ್ವ ಬಂದಿದ್ದಳು. ಕೊಪ್ಪಳದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕರಿ ಕನ್ನಡಕ ಹಾಕಿಕೊಂಡು, ಒಲೆಯ ಹತ್ತಿರ ಹೋಗಬಾರದೆಂದ ಡಾಕ್ಟರನ್ನು ಬೈಯುತ್ತ ಕೂತಿದ್ದಳು. ಎದ್ದು ಹೋಗಲಾರದ ಕೇಳುಗರು ಬರೆಯುವವನಿಗೆ ಸಿಗುವುದು ಪೂರ್ವಜನ್ಮದ ಪುಣ್ಯದಿಂದ. ಇನ್ನೂರು ಶಬ್ದಗಳನ್ನೂ ಅವಳಿಗೆ ಓದಿ ಹೇಳಿದೆ. ಪ್ರತಿಯೊಂದಕ್ಕೂ ಅವಳದು ಒಂದೇ ಪ್ರಶ್ನೆ: "ಹಂಗಂದ್ರೇನೋ ತಮ್ಮಾ?" ನಾನು ಬಿಡಿಸಿ ಹೇಳಬೇಕು, ಅವಳು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿ ನೆನಪಿನ ಸೆರಗಿಗೆ ಗಂಟು ಹಾಕಿಕೊಳ್ಳಬೇಕು.

ಗಂಗಾವತಿಯ ಮುದ್ರಕರಿಗೆ ಕಳಿಸಲು ಇನ್ನು ಮೂರು ದಿನ ಉಳಿದಿತ್ತು. ಹೆಂಡತಿ ಮನೆ ಸಾರಿಸುವುದನ್ನು ನೋಡಿ ನನಗೂ ಹುರುಪು ಬಂದು ಕಂಪ್ಯೂಟರಿನ ಕಸ ಗುಡಿಸಲು ಕೂತೆ. 'ಅಂತಿಮ', 'ಅಂತಿಮ ಹೊಸದು' ಎಂದು ಎರಡು ಕಡತಗಳಿದ್ದವು. ಹಳೆಯದನ್ನು ಅಳಿಸಿದೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಹೊಸದನ್ನು ತೆರೆದರೆ ಅದರಲ್ಲಿದ್ದದ್ದು ನಿಘಂಟಿನ ಹೆಸರು ಮತ್ತು ನನ್ನ ಹೆಸರು, ಅಷ್ಟೇ. ಮುಖಪುಟ ಚಂದ ಮಾಡಲೆಂದು ನಾನೇ ಎಂದೋ ತೆರೆದಿಟ್ಟದ್ದು. ಆರು ತಿಂಗಳ ದುಡಿಮೆ ಹೋಗಿತ್ತು. ಉಳಿದ ಮೂವರಿಗೆ ಹೇಗೆ ಮುಖ ತೋರಿಸಲಿ ಎಂದು ಅಕ್ಕನ ಮುಂದೆ ಗೋಳಾಡಿದೆ.

"ಅದೇನೋ ಬ್ಯಾಕಪ್ಪು ಅಂತ ಓದಿದ್ಯಲ್ಲ, ಮಾಡಿ ಇಟ್ಟಿಲ್ಲೇನು?" ಅಂದಳು ಅಕ್ಕ.

"ಅರ್ಥ ಬರ್ದಿದ್ದೆ ಯಕ್ಕಾ. ಮಾಡಿದ್ದಿಲ್ಲ."

"ಛಲೋ ಮಾಸ್ತರ ಅದಿ ನೀ! ಅವ್ವ ಬಿತ್ತೂ ಜೋಳದಾಗ ಅರ್ಧ ಕಾಕಾನ ಮನಿಯಾಗ ಇಡ್ತಿದ್ಲು. ನಮ್ಮ ಮನಿಗೆ ಬೆಂಕಿ ಬಿದ್ರೂ ಹೊಲ ಬೀಳು ಬೀಳಬಾರದು ಅಂತ. ಮೊದಲ ಅದನ್ನ ಬರಿ."

ಬರೆದೆ. ಅವಳು ಕರಿ ಕನ್ನಡಕದ ಹಿಂದೆ ಕಣ್ಣು ಮುಚ್ಚಿ ಒಂದೊಂದೇ ಗಂಟು ಬಿಚ್ಚತೊಡಗಿದಳು. "ರೊಟ್ಟಿ ಬಡಿಯೂ ಕೈ ಕಾಣತೈತಿ, ಕೈಯಾಗಿನ ರೂಢಿ ಕಾಣಂಗಿಲ್ಲ. ಆ ರೂಢಿನ ತಂತ್ರಾಂಶ." ವೈರಸ್ ಎಂದರೆ ಮಂದಿ ಮನೆಯಿಂದ ತಂದ ಕೆಟ್ಟ ಹೆಪ್ಪು, ನಮ್ಮ ಹಾಲನ್ನೂ ಕೆಡಿಸುತ್ತದೆ. ಅಪ್‌ಡೇಟ್? "ನೆಟ್ಟಗಿದ್ದದ್ದನ್ನ ಬಿಚ್ಚಿ, ಮತ್ತ ಜೋಡ್ಸಿ, ಉಪಕಾರ ಮಾಡೀವಿ ಅನ್ನೂದು." ನಾನು ಬೆರಳು ನೋಯುವವರೆಗೆ ಬರೆದುಕೊಂಡೆ. ಅಕ್ಕನ ಮೇಲೆ ಅಂಥ ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ.

ಮೂರು ದಿನದಲ್ಲಿ ನೂರಾ ಅರವತ್ತು ಶಬ್ದಗಳು ಮರಳಿದವು. ಉಳಿದ ನಲವತ್ತು ಅವಳ ನೆನಪಿನಲ್ಲಿ ಇರಲಿಲ್ಲ. ಅವು ಅವಳಿಗೆ ತಿಳಿದೇ ಇರಲಿಲ್ಲ, ನನಗೆ ತಿಳಿದಿದ್ದರಲ್ಲವೇ ಅವಳಿಗೆ ತಿಳಿಸುವುದು! ಅವನ್ನು ಬಿಟ್ಟೇ ಮುದ್ರಿಸಿದೆವು. ಇದುವರೆಗೆ ಯಾರೂ ಅವನ್ನು ಕೇಳಿಕೊಂಡು ಬಂದಿಲ್ಲ.

ಈಗ ನನಗೂ ಬುದ್ಧಿ ಬಂದಿದೆ. ನಿಘಂಟಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಊರಿಗೆ ಹೊರಟ ಅಕ್ಕನ ಕೈಯಲ್ಲಿಟ್ಟೆ. ಮರುದಿನವೇ ಅವಳ ಫೋನ್ ಬಂತು.

"ತಮ್ಮಾ, ನಿನ್ನ ಬೀಜ ಜೋಳದ ಗಡಿಗ್ಯಾಗ ಇಟ್ಟೀನಿ. ಕಾಳಜಿ ಮಾಡಬ್ಯಾಡ. ಹುಳ ಬೀಳಬಾರದು ಅಂತ ಎರಡು ಬೇವಿನ ಎಲಿನೂ ಹಾಕೀನಿ."