ಕಾತ್ರಜದ ಓಣಿಯಲ್ಲಿ ಬಿಳಿ ಬಾನೆಟ್ಟು

ಸಿದ್ದಾರೂಢನಿಗೆ ಗ್ಯಾರೇಜಿನ ಮಾಲೀಕ ಎರಡೂವರೆ ತಿಂಗಳ ಪಗಾರ ಇನ್ನೂ ಕೊಡಬೇಕು, ನಲವತ್ತೈದು ಸಾವಿರ. ಹದಿನೆಂಟು ವರ್ಷ ಅಲ್ಲಿ ಕಾರುಗಳಿಗೆ ಬಣ್ಣ ಹೊಡೆದವನು ಇವನು. ‘ನಾಳೆ ಬಾ’ ಅನ್ನಿಸಿಕೊಂಡು ಸಾಕಾಗಿ ಕೆಲಸ ಬಿಟ್ಟ. ಬಿಟ್ಟವನು ಅಳುತ್ತ ಕೂರಲಿಲ್ಲ. ಗುಜರಿ ಬೆಲೆಗೆ ಕೊಂಡಿದ್ದ ಹಳೆಯ ಕಾರನ್ನು ಕಾತ್ರಜದ ತನ್ನ ಓಣಿಯಲ್ಲೇ ನಿಲ್ಲಿಸಿ ಹೊಸ ಬಣ್ಣಕ್ಕೆಂದು ತಿಕ್ಕತೊಡಗಿದ. ಬಟ್ಟೆ ಅಂಗಡಿಯ ಮಧುಕರ, “ನಿಂದು ಛಲೋ ಆತಂದ್ರ ಸೋಮವಾರ ನನ್ನ ಗಾಡೀನೂ ನಿನಗ” ಎಂದಿದ್ದ. ಆ ಒಂದು ಗಾಡಿ ಸಿಕ್ಕರೆ ಇನ್ನೊಬ್ಬನ ಬಾಗಿಲು ಕಾಯುವುದು ತಪ್ಪುತ್ತಿತ್ತು.

ಕೈಯಲ್ಲಿದ್ದದ್ದು ಐದು ಸಾವಿರ. ತಗ್ಗು ತುಂಬುವ ಪುಟ್ಟಿ, ಬಣ್ಣ, ಅದನ್ನು ಸಿಂಪಡಿಸಲು ಒಂದು ದಿನದ ಬಾಡಿಗೆಗೆ ಕಂಪ್ರೆಸರ್, ಅಷ್ಟಕ್ಕೇ ಮುಗಿಯಿತು. ಧೂಳು ಏಳದಂತೆ ನೆಲಕ್ಕೆ ನೀರು ಹೊಡೆದ. ಹೆಂಡತಿ ಪಾರವ್ವನ ಹಳೇ ಸೀರೆಗಳನ್ನು ಸುತ್ತಲೂ ಕಟ್ಟಿದ.

“ನನ್ನ ಸೀರಿ ಉಟಗೊಂಡು ನಿಂತದಲ್ರಿ ನಿಮ್ಮ ಗಾಡಿ, ಉಡಿ ತುಂಬಲೇನು?” ಎಂದು ಅವಳು ನಕ್ಕಳು.

ಭಾನುವಾರ ಮಧ್ಯಾಹ್ನ ಕೊನೆಯ ಕೋಟು ಮುಗಿಯಿತು. ಕಾರು ಹಾಲಿನಂತೆ ಬೆಳ್ಳಗಾಗಿತ್ತು. ಅದೇ ಹೊತ್ತಿಗೆ ಜೇಜುರಿಯಿಂದ ಬಂದ ಮಾವ ಹೊಳಬಸಪ್ಪ ಸೀರೆ ಸರಿಸಿ ನೋಡಿ ಹಿಗ್ಗಿಬಿಟ್ಟ. “ಏಳಕೋಟಿ!” ಎಂದು ದೇವರ ಜಯಕಾರ ಕೂಗಿ, ಅಲ್ಲಿಂದ ತಂದಿದ್ದ ಖಂಡೋಬನ ಭಂಡಾರದ ಅರಿಸಿನ ಪುಡಿ ಒಂದು ಮುಷ್ಟಿ ತೆಗೆದು ಬಾನೆಟ್ಟಿನ ಮೇಲೆ ಎರಚಿದ. ಹಸಿ ಬಣ್ಣಕ್ಕೆ ಅರಿಸಿನವೆಲ್ಲ ಅಂಟಿಕೊಂಡಿತು.

ಪಾರವ್ವ ಸೆರಗಿನಿಂದ ಒರೆಸಲು ಹೋದಳು.

“ಮುಟ್ಟಬ್ಯಾಡ!” ಸಿದ್ದಾರೂಢ ಗದರಿದ. “ಒರಸಿದ್ರ ರಾಡಿ ಆಗ್ತದ. ಒಣಗಲಿ.”

“ದೇವರ ಭಂಡಾರಪಾ ಅಳಿಯಾ, ತಪ್ಪಾತೇನು?” ಮುದುಕ ಗಾಬರಿಯಾದ.

“ದೇವರಿಗೆ ಹೇಳ್ರಿ ಮಾವಾರ, ಮುಂದಿನ ಸಲ ಬಣ್ಣ ಒಣಗಿದ ಮ್ಯಾಲ ಬಾ ಅಂತ.”

ಏಳು ಗಂಟೆಗೆ ಕಂಪ್ರೆಸರ್ ವಾಪಸು ಕೊಡಬೇಕು. ಡಬ್ಬಿಯಲ್ಲಿ ಉಳಿದದ್ದು ಒಂದು ಲೋಟ ಬಣ್ಣ. ಮೂರು ತಾಸು ಬಿಸಿಲಿಗೆ ಬಿಟ್ಟು, ಬಾನೆಟ್ಟು ಬಿಚ್ಚಿ ಸ್ಟೂಲಿನ ಮೇಲಿಟ್ಟ. ವಾಟರ್ ಪೇಪರ್ ಎಂಬ ನುಣುಪು ಉಜ್ಜುಕಾಗದವನ್ನು ಸೋಪಿನ ನೀರಿನಲ್ಲಿ ಅದ್ದಿ ಹಳದಿ ಹೋಗುವ ತನಕ ತಿಕ್ಕಿದ. ಮಾವನನ್ನೂ ಬಿಡಲಿಲ್ಲ, ಬಕೆಟ್ ಹೊರಿಸಿದ. ಆಮೇಲೆ ಉಳಿದ ಲೋಟ ಬಣ್ಣವನ್ನು ತೆಳ್ಳಗೆ ಹೊಡೆದ. ಏಳಕ್ಕೆ ಮೊದಲೇ ಕಂಪ್ರೆಸರ್ ವಾಪಸು ಕೊಟ್ಟು ಬಂದ.

ಸೋಮವಾರ ಮಧುಕರ ಬಾನೆಟ್ಟಿನ ಮೇಲೆ ಬೆರಳಾಡಿಸಿದ, ಬಗ್ಗಿ ತನ್ನ ಮುಖ ನೋಡಿಕೊಂಡ. “ಭಾಳ ಛಲೋ ಆಗ್ಯದ. ಆದ್ರ ಮನಿ ಮುಂದ ಮಾಡೂ ಕೆಲಸ ಅಲ್ಲೇನು, ಗ್ಯಾರೇಜಿನ ರೇಟಿನ್ಯಾಗ ಅರ್ಧ ತಗೋ.”

“ಗ್ಯಾರೇಜಿನ್ಯಾಗೂ ಇದ ಕೈ ಹೊಡೀತಿತ್ರಿ ಸಾವಕಾರ್ರ. ಜಾಗಾದ ಬಾಡಿಗಿ ಬಿಡ್ತೀನಿ, ಕೂಲಿ ಬಿಡಂಗಿಲ್ಲ.”

ಮಧುಕರ ಗೊಣಗಿದ, ನಕ್ಕ, ಕೊನೆಗೆ ಒಪ್ಪಿ ತನ್ನ ಗಾಡಿಯ ಚಾವಿ ಕೊಟ್ಟ.

ನಿಮ್ಮ ಓಣಿಯಲ್ಲೂ ಇಂಥವನೊಬ್ಬ ಇದ್ದಾನೆ. ಶೆಡ್ಡಿಲ್ಲ, ಬೋರ್ಡಿಲ್ಲ ಎಂದು ಅವನ ಕೂಲಿಗೆ ಕತ್ತರಿ ಹಾಕಬೇಡಿ. ಕೆಲಸ ನೋಡಿ, ಪೂರಾ ಎಣಿಸಿ ಅವನ ಕೈಗೆ ಕೊಡಿ.